ಅಳಿಸಿದ ಡೊಮೈನ್ ಇನ್ನೂ ತೆರೆಯುತ್ತಿದೆಯೇ? ಎಡಿಟರ್ ಬಿಟ್ಟುಹೋದ ಫೈಲ್ ಹುಡುಕಿ

ಪ್ರಶ್ನೆ: ನಮಸ್ಕಾರ ಸರ್. ಉಬುಂಟು ಸರ್ವರ್‌ನಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಾಕಿಕೊಂಡು ನಮ್ಮ ಅಂಗಡಿಯ ಸೈಟ್ ನಡೆಸುತ್ತಿದ್ದೇನೆ. ಅದಕ್ಕೆ ಎರಡು ಡೊಮೈನ್ ಇದ್ದವು. ಹಳೆಯದನ್ನು ಕೈಬಿಡೋಣ ಅಂತ ಚಾಲ್ತಿ ಸೈಟುಗಳ ಕಾನ್ಫಿಗ್ (ಸೆಟ್ಟಿಂಗ್) ಫೈಲುಗಳಿರುವ ಸೈಟ್ಸ್-ಎನೇಬಲ್ಡ್ ಫೋಲ್ಡರ್‌ನಲ್ಲಿನ 'ಶಾಪ್' ಫೈಲನ್ನು ಈಮ್ಯಾಕ್ಸ್ ಎಡಿಟರ್‌ನಲ್ಲಿ ತೆರೆದು ಆ ಹೆಸರು ಅಳಿಸಿದೆ. ಟೆಸ್ಟ್ ಮಾಡಿದರೆ ಸಿಂಟ್ಯಾಕ್ಸ್ ಓಕೆ ಅನ್ನುತ್ತದೆ. ಜೊತೆಗೆ, ಉಳಿಸಿಕೊಂಡ ಹೊಸ ಡೊಮೈನಿನ ಹೆಸರು ಹೇಳಿ 'ಕಾನ್‌ಫ್ಲಿಕ್ಟಿಂಗ್ ಸರ್ವರ್ ನೇಮ್, ಇಗ್ನೋರ್ಡ್' ಅಂತ ಒಂದು ವಾರ್ನಿಂಗ್ ಬರುತ್ತದೆ. ರೀಲೋಡ್, ರೀಸ್ಟಾರ್ಟ್, ಕೊನೆಗೆ ರೀಬೂಟ್ ಕೂಡ ಮಾಡಿದೆ. ಹಳೇ ಡೊಮೈನ್‌ನಲ್ಲಿ ಸೈಟ್ ಹಾಗೇ ತೆರೆಯುತ್ತಿದೆ. ಬ್ರೌಸರ್ ಕ್ಯಾಶ್ ಅಲ್ಲ, ಬೇರೆ ಮೊಬೈಲ್‌ನಲ್ಲೂ ನೋಡಿದೆ. ಇನ್‌ಸ್ಟಾಲ್ ಮಾಡಿದಾಗ ಬಂದ 'ಡಿಫಾಲ್ಟ್' ಫೈಲ್ ಕೂಡ ಅದೇ ಫೋಲ್ಡರ್‌ನಲ್ಲಿದೆ. ಅಳಿಸಿದ ಹೆಸರು ಎಲ್ಲಿಂದ ಬರುತ್ತಿದೆ?

ಉತ್ತರ: ಆ ವಾರ್ನಿಂಗನ್ನು ಬರೆದು ಕಳಿಸಿದ್ದು ಒಳ್ಳೆಯದಾಯಿತು. ಅರ್ಧ ಉತ್ತರ ಅದರಲ್ಲೇ ಇದೆ. ಹೊಸ ಡೊಮೈನ್ ಹೆಸರು ಎರಡು ಕಡೆ ಸಿಕ್ಕಿತು, ಎರಡನೆಯದನ್ನು ಬಿಟ್ಟೆ ಅಂತ ಎಂಜಿನ್‌ಎಕ್ಸ್ ಹೇಳುತ್ತಿದೆ. ನೀವು ಬರೆದದ್ದು ಒಂದೇ ಫೈಲ್. ಹಾಗಾದರೆ ಎರಡನೆಯದು ಯಾವುದು? ಬಹುತೇಕ ಖಂಡಿತವಾಗಿ ಅದರ ಹೆಸರು 'ಶಾಪ್~'. ಕೊನೆಯಲ್ಲಿರುವ ಆ ಟಿಲ್ಡೆ ಚಿಹ್ನೆಯನ್ನು ಗಮನಿಸಿ. ಅದು ಈಮ್ಯಾಕ್ಸ್ ಮಾಡಿಟ್ಟ ಬ್ಯಾಕಪ್.

ಈ ವಾರ್ನಿಂಗಿನ ದೊಡ್ಡ ಕೊರತೆ ಏನೆಂದರೆ ಅದು ಫೈಲಿನ ಹೆಸರನ್ನಾಗಲಿ ಸಾಲಿನ ಸಂಖ್ಯೆಯನ್ನಾಗಲಿ ಹೇಳುವುದಿಲ್ಲ. ಡೊಮೈನ್ ಹೆಸರು, ಪೋರ್ಟ್ ಅಷ್ಟೇ. ನಿಮ್ಮ ಫೈಲಿನಲ್ಲಿ ಅಪ್‌ಸ್ಟ್ರೀಮ್ ಬ್ಲಾಕ್ (ಕೋರಿಕೆಗಳನ್ನು ಯಾವ ಸರ್ವರ್‌ಗೆ ದಾಟಿಸಬೇಕು ಅನ್ನುವ ಪಟ್ಟಿ) ಇದ್ದಿದ್ದರೆ 'ಡುಪ್ಲಿಕೇಟ್ ಅಪ್‌ಸ್ಟ್ರೀಮ್' ಅಂತ ಎರರ್ ಬಂದು, ಟಿಲ್ಡೆ ಸಮೇತ ಫೈಲ್ ಹೆಸರೂ ಸಾಲಿನ ಸಂಖ್ಯೆಯೂ ಅಲ್ಲೇ ಕಾಣುತ್ತಿತ್ತು. ಟೆಸ್ಟೂ ಫೇಲ್ ಆಗುತ್ತಿತ್ತು. ಸರ್ವರ್ ನೇಮ್ ವಿಷಯದಲ್ಲಿ ಮಾತ್ರ ಎಂಜಿನ್‌ಎಕ್ಸ್ ಸುಮ್ಮನೆ ಮುಂದೆ ಹೋಗುತ್ತದೆ.

ಊಹೆ ಯಾಕೆ, ನೋಡಿಯೇ ಬಿಡಿ. ಟೆಸ್ಟಿಗೆ ನೀವು ಎಂಜಿನ್‌ಎಕ್ಸ್ ಕಮಾಂಡಿನ ಮುಂದೆ ಮೈನಸ್ ಹಾಕಿ ಸಣ್ಣ ಟಿ ಕೊಡುತ್ತೀರಿ ಅಲ್ವಾ? ಅದೇ ಜಾಗದಲ್ಲಿ ಕ್ಯಾಪಿಟಲ್ ಟಿ ಕೊಡಿ. 1.9.2 ಆವೃತ್ತಿಯಿಂದ ಈ ಸೌಲಭ್ಯ ಇದೆ. ಎಂಜಿನ್‌ಎಕ್ಸ್ ಟೆಸ್ಟ್ ಮಾಡುವುದರ ಜೊತೆಗೆ ತಾನು ಓದಿದ ಪ್ರತಿ ಫೈಲನ್ನೂ ಪೂರ್ತಿ ತೆರೆಯ ಮೇಲೆ ಸುರಿಯುತ್ತದೆ. ಪ್ರತಿಯೊಂದರ ಮೇಲೂ '# ಕಾನ್ಫಿಗರೇಷನ್ ಫೈಲ್' ಅಂತ ಬರೆದು ಆ ಫೈಲಿನ ಪೂರ್ತಿ ದಾರಿ ಕೊಟ್ಟಿರುತ್ತದೆ. ಆ ತಲೆಬರಹದ ಸಾಲುಗಳನ್ನಷ್ಟೇ ಗ್ರೆಪ್ (ಸಾಲು ಹುಡುಕುವ ಕಮಾಂಡ್) ಮಾಡಿ ತೆಗೆಯಿರಿ. 'ಡಿಫಾಲ್ಟ್', 'ಶಾಪ್', ಅದರ ಕೆಳಗೇ 'ಶಾಪ್~' ಕಾಣಿಸುತ್ತದೆ. ಕಾನ್ಫಿಗ್ ವಿಷಯದಲ್ಲಿ ಯಾವ ಗೊಂದಲ ಬಂದರೂ ನಾನು ಮೊದಲು ಓಡಿಸುವುದು ಇದೇ ಕಮಾಂಡ್. ನಾವು ಏನು ಬರೆದೆವು ಅನ್ನುವುದಕ್ಕಿಂತ ಪ್ರೋಗ್ರಾಂ ಏನು ಓದಿತು ಅನ್ನುವುದು ಮುಖ್ಯ. ಅದನ್ನು ಪ್ರೋಗ್ರಾಂ ಬಾಯಿಂದಲೇ ಕೇಳಬೇಕು.

ಈಗ ಇದು ಹೇಗಾಯಿತು ಅಂತ ನೋಡೋಣ. ಫೈಲ್ ತೆರೆದ ಮೇಲೆ ಮೊದಲ ಸಲ ಸೇವ್ ಮಾಡಿದಾಗ ಈಮ್ಯಾಕ್ಸ್ ಮೂಲ ಫೈಲಿನ ಹೆಸರನ್ನು 'ಶಾಪ್~' ಎಂದು ಬದಲಿಸುತ್ತದೆ. ಆಮೇಲೆ ನೀವು ತಿದ್ದಿದ್ದನ್ನು 'ಶಾಪ್' ಎಂಬ ಹೊಸ ಫೈಲಾಗಿ ಬರೆಯುತ್ತದೆ. ಅಂದರೆ ಟಿಲ್ಡೆ ಫೈಲಿನಲ್ಲಿರುವುದು ನೀವು ತಿದ್ದುವುದಕ್ಕೆ ಮುಂಚಿನ ರೂಪ. ಎರಡೂ ಡೊಮೈನ್ ಇರುವ ರೂಪ. ಇನ್ನೊಂದು ಕಡೆ, ಉಬುಂಟು ಮತ್ತು ಡೆಬಿಯನ್ ಕೊಡುವ ಮುಖ್ಯ ಕಾನ್ಫಿಗ್ ಫೈಲಿನಲ್ಲಿ ಸೈಟ್ಸ್-ಎನೇಬಲ್ಡ್ ಫೋಲ್ಡರ್‌ಗೆ ಬರೆದಿರುವ ಇನ್‌ಕ್ಲೂಡ್ ಸಾಲು ಬರೀ ನಕ್ಷತ್ರದಲ್ಲಿ (*) ಮುಗಿಯುತ್ತದೆ. ಆ ಫೋಲ್ಡರ್‌ನಲ್ಲಿ ಇರುವುದನ್ನೆಲ್ಲ ಓದು ಅಂತ ಅದರ ಅರ್ಥ.

ಓದುವುದು ಅಕ್ಷರ ಕ್ರಮದಲ್ಲಿ. 'ಶಾಪ್' ಮೊದಲು, 'ಶಾಪ್~' ಆಮೇಲೆ. ಹೊಸ ಡೊಮೈನ್ ಎರಡರಲ್ಲೂ ಇತ್ತು, ಆದ್ದರಿಂದ ಮೊದಲನೆಯದು ಉಳಿಯಿತು, ಎರಡನೆಯದಕ್ಕೆ ವಾರ್ನಿಂಗ್ ಬಂತು. ಹಳೇ ಡೊಮೈನ್ ಟಿಲ್ಡೆ ಫೈಲಿನಲ್ಲಿ ಮಾತ್ರ ಇದೆ. ಅದಕ್ಕೆ ತಕರಾರೇ ಇಲ್ಲ. ಸಲೀಸಾಗಿ ಒಳಗೆ ಬಂದು ಕೂತಿತು. ಇಂಥ ತೊಂದರೆಯಲ್ಲಿ ಹೊಸದಾಗಿ ಸೇರಿಸಿದ್ದೆಲ್ಲ ಸರಿಯಾಗಿ ಕೆಲಸ ಮಾಡುತ್ತದೆ, ತೆಗೆದದ್ದು ಮಾತ್ರ ಹೋಗುವುದಿಲ್ಲ. ಅದಕ್ಕೇ ಜನಕ್ಕೆ ಬೇಗ ಹೊಳೆಯುವುದಿಲ್ಲ.

ಇನ್ನೊಂದು ವಿಚಿತ್ರ ಇದೆ. ನೀವು ನಾಳೆ ಅದೇ ಫೈಲನ್ನು ಮತ್ತೆ ತೆರೆದು, ಒಂದು ಸ್ಪೇಸ್ ಹಾಕಿ ಸೇವ್ ಮಾಡಿ, ರೀಲೋಡ್ ಮಾಡಿದರೆ ಸಮಸ್ಯೆ ತಾನಾಗಿಯೇ ಮಾಯ ಆಗುತ್ತದೆ. ಯಾಕೆಂದರೆ ಈ ಸಲದ ಬ್ಯಾಕಪ್ ಹಿಂದಿನ ಬ್ಯಾಕಪ್ ಮೇಲೆ ಕೂರುತ್ತದೆ, ಅದರಲ್ಲಿ ಹಳೇ ಡೊಮೈನ್ ಇರುವುದಿಲ್ಲ. 'ಏನೋ ಮಾಡಿದೆ, ಸರಿಹೋಯ್ತು' ಅಂತ ಅಲ್ಲಿಗೇ ಬಿಟ್ಟವರು ಎಷ್ಟೋ ಜನ. ಟಿಲ್ಡೆ ಫೈಲ್ ಅಲ್ಲೇ ಇರುತ್ತದೆ, ಮುಂದಿನ ತಿದ್ದುಪಡಿಯಲ್ಲಿ ಮತ್ತೆ ಕಾಡುತ್ತದೆ.

ಟಿಲ್ಡೆಗಿಂತ ಕೆಟ್ಟದ್ದು ಹ್ಯಾಶ್. ಫೈಲ್ ತಿದ್ದುತ್ತಾ ಇನ್ನೂ ಸೇವ್ ಮಾಡದೆ ಇರುವಾಗ ಈಮ್ಯಾಕ್ಸ್ '#ಶಾಪ್#' ಅಂತ ಒಂದು ಆಟೋಸೇವ್ ಫೈಲ್ ಬರೆಯುತ್ತದೆ. 300 ಕೀ ಒತ್ತಿದ ಮೇಲೆ, ಅಥವಾ ಸುಮಾರು 30 ಸೆಕೆಂಡ್ ಕೈ ಬಿಟ್ಟರೆ. ಸೇವ್ ಮಾಡಿದರೆ ಅದು ಅಳಿಸಿಹೋಗುತ್ತದೆ. ಆದರೆ ಮಧ್ಯದಲ್ಲಿ ನೆಟ್ ಹೋಗಿ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಮಾಡಿಕೊಂಡ ಸಂಪರ್ಕ) ಕಡಿದರೆ? ಫೈಲ್ ಹಾಗೇ ಉಳಿಯುತ್ತದೆ. ಅಕ್ಷರ ಕ್ರಮದಲ್ಲಿ ಹ್ಯಾಶ್ ಎಲ್ಲಾ ಅಕ್ಷರಗಳಿಗಿಂತ ಮುಂಚೆ ಬರುತ್ತದೆ. ಹಾಗಾಗಿ ಎಂಜಿನ್‌ಎಕ್ಸ್ ಮೊದಲು ಓದುವುದು ನೀವು ಅರ್ಧ ಟೈಪ್ ಮಾಡಿಟ್ಟ ಪ್ರತಿಯನ್ನು. ಎರಡರಲ್ಲೂ ಇರುವ ಡೊಮೈನಿಗೆ ಗೆಲ್ಲುವುದು ಅದೇ. ನೀವು ಸೇವ್ ಮಾಡಿದ ಅಸಲಿ ಫೈಲನ್ನೇ 'ಇಗ್ನೋರ್ಡ್' ಅಂತ ಬಿಡುತ್ತದೆ.

ಆ ಅರ್ಧ ಫೈಲಿನಲ್ಲಿ ಒಂದು ಬ್ರೇಸ್ ({ ಚಿಹ್ನೆ) ಮುಚ್ಚಿಲ್ಲ ಅಂದುಕೊಳ್ಳಿ. ಆಗ ಏನಾಗುತ್ತದೆ ಅನ್ನುವುದನ್ನು ನಿಧಾನವಾಗಿ ಓದಿ. ಓಡುತ್ತಿರುವ ಎಂಜಿನ್‌ಎಕ್ಸ್‌ಗೆ ಏನೂ ಆಗುವುದಿಲ್ಲ. ತಪ್ಪು ಕಾನ್ಫಿಗ್ ಇದ್ದರೆ ರೀಲೋಡ್ ನಿರಾಕರಿಸಿ ಹಳೇ ಕಾನ್ಫಿಗ್‌ನಲ್ಲೇ ಅದು ಮುಂದುವರಿಯುತ್ತದೆ. ಸೈಟ್ ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ದಿನ ಸರ್ಟ್‌ಬಾಟ್ (ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತರುವ ಪ್ರೋಗ್ರಾಂ) ಸರ್ಟಿಫಿಕೇಟ್ ರಿನ್ಯೂ ಮಾಡಲು ಹೋಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟಿನ ಸಾಮಾನ್ಯ ಅವಧಿ 90 ದಿನ, ಸುಮಾರು 30 ದಿನ ಬಾಕಿ ಇರುವಾಗ ರಿನ್ಯೂ ಆಗುವುದು ರೂಢಿ. ಸೆಟಪ್ ಹೇಗಿದೆ ಅನ್ನುವುದರ ಮೇಲೆ ರಿನ್ಯೂವಲ್ಲೇ ಫೇಲ್ ಆಗಬಹುದು, ಇಲ್ಲವೇ ಹೊಸ ಸರ್ಟಿಫಿಕೇಟ್ ಡಿಸ್ಕಿಗೆ ಬಂದರೂ ರೀಲೋಡ್ ಫೇಲ್ ಆಗಬಹುದು. ಲಾಗ್‌ನಲ್ಲಿ ಒಂದು ಸಾಲು ಬಿದ್ದಿರುತ್ತದೆ, ಯಾರೂ ನೋಡಿರುವುದಿಲ್ಲ. ಎಂಜಿನ್‌ಎಕ್ಸ್ ಮೆಮೊರಿಯಲ್ಲಿರುವ ಹಳೇ ಸರ್ಟಿಫಿಕೇಟನ್ನೇ ಕೊಡುತ್ತಾ ಇರುತ್ತದೆ. ಒಂದು ತಿಂಗಳಾದ ಮೇಲೆ ಗ್ರಾಹಕರಿಗೆ 'ಸರ್ಟಿಫಿಕೇಟ್ ಅವಧಿ ಮುಗಿದಿದೆ' ಅಂತ ಕಾಣುತ್ತದೆ. ಗಾಬರಿಯಲ್ಲಿ ನೀವು ರೀಸ್ಟಾರ್ಟ್ ಕೊಟ್ಟರೆ ಎಂಜಿನ್‌ಎಕ್ಸ್ ನಿಲ್ಲುತ್ತದೆ, ಮತ್ತೆ ಏಳುವುದಿಲ್ಲ. ಕಾರಣ ಒಂದು ತಿಂಗಳಿಗೂ ಹಿಂದೆ ಕಡಿದುಹೋದ ಎಸ್‌ಎಸ್‌ಎಚ್ ಅಂತ ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದ ರೀಸ್ಟಾರ್ಟ್ ಮಾಡುವ ಮುಂಚೆ ಟೆಸ್ಟ್ ಓಡಿಸುವುದನ್ನು ಯಾವತ್ತೂ ಬಿಡಬೇಡಿ.

'ನಾನು ವಿಮ್ ಎಡಿಟರ್ ಬಳಸುತ್ತೇನೆ, ನನಗೆ ಈ ತೊಂದರೆ ಇಲ್ಲ' ಅನ್ನುವವರಿಗೂ ಒಂದು ಮಾತು. ವಿಮ್ ಮಾಡುವ ಸ್ವಾಪ್ ಫೈಲ್ (ತಿದ್ದುವಾಗಿನ ತಾತ್ಕಾಲಿಕ ಫೈಲ್) ಚುಕ್ಕಿಯಿಂದ ಶುರುವಾಗುತ್ತದೆ: '.ಶಾಪ್.ಎಸ್‌ಡಬ್ಲ್ಯೂಪಿ'. ಬರೀ ನಕ್ಷತ್ರ ಚುಕ್ಕಿಯಿಂದ ಶುರುವಾಗುವ ಹೆಸರನ್ನು ಹಿಡಿಯುವುದಿಲ್ಲ, ಹಾಗಾಗಿ ಎಂಜಿನ್‌ಎಕ್ಸ್‌ನಲ್ಲಿ ಬಚಾವ್. ಆದರೆ ಫೋಲ್ಡರ್‌ನ ಪಟ್ಟಿಯನ್ನು ನೇರವಾಗಿ ಓದುವ ಪ್ರೋಗ್ರಾಂಗಳಿಗೆ ಚುಕ್ಕಿಯ ಮರ್ಯಾದೆ ಗೊತ್ತಿಲ್ಲ. ಅವು ಸ್ವಾಪ್ ಫೈಲನ್ನೂ ಎತ್ತಿಕೊಳ್ಳುತ್ತವೆ. ಪೈಥಾನ್ ಒಂದರಲ್ಲೇ ಎರಡು ನಡವಳಿಕೆ ಇದೆ. ಫೈಲ್ ಹೆಸರು ಹುಡುಕುವ ಹಳೇ ಗ್ಲೋಬ್ ಮಾಡ್ಯೂಲ್ ಚುಕ್ಕಿ ಫೈಲುಗಳನ್ನು ಬಿಡುತ್ತದೆ, ಪಾತ್‌ಲಿಬ್‌ನ ಗ್ಲೋಬ್ ಬಿಡುವುದಿಲ್ಲ.

ಇದು ಎಲ್ಲಿ ಚುಚ್ಚುತ್ತದೆ ಅಂದರೆ ಈಮ್ಯಾಕ್ಸ್‌ನ ಲಾಕ್ ಫೈಲಿನಲ್ಲಿ. 'ಆ್ಯಪ್.ಯಾಮಲ್' ಫೈಲಿನಲ್ಲಿ ಮೊದಲ ಅಕ್ಷರ ತಿದ್ದಿದ ಕೂಡಲೇ ಈಮ್ಯಾಕ್ಸ್ ಪಕ್ಕದಲ್ಲಿ '.#ಆ್ಯಪ್.ಯಾಮಲ್' ಅಂತ ಒಂದು ಸಿಮ್‌ಲಿಂಕ್ (ಬೇರೆ ಫೈಲಿನ ಕಡೆ ಬೆರಳು ತೋರಿಸುವ ಹೆಸರು) ಮಾಡುತ್ತದೆ. ಅದು ನಿಜವಾದ ಯಾವ ಫೈಲಿಗೂ ಹೋಗುವುದಿಲ್ಲ. ಯಾರು, ಯಾವ ಕಂಪ್ಯೂಟರಿನಿಂದ ತಿದ್ದುತ್ತಿದ್ದಾರೆ ಅನ್ನುವ ಗುರುತನ್ನಷ್ಟೇ ಲಿಂಕಿನ ರೂಪದಲ್ಲಿ ಇಟ್ಟಿರುತ್ತದೆ. ಹೆಸರಿನ ಕೊನೆ ಮಾತ್ರ ಅಚ್ಚುಕಟ್ಟಾಗಿ 'ಯಾಮಲ್'. ಬರೀ ಕೊನೆ ನೋಡಿ ಫೈಲ್ ಆರಿಸುವ ಪ್ರೋಗ್ರಾಂ ಇದನ್ನು ತೆರೆಯಲು ಹೋಗಿ 'ಫೈಲ್ ಸಿಗಲಿಲ್ಲ' ಅಂತ ಬೀಳುತ್ತದೆ. ನೀವು ಸೇವ್ ಮಾಡಿದ ತಕ್ಷಣ ಲಿಂಕ್ ಹೋಗುತ್ತದೆ, ತಪ್ಪೂ ಹೋಗುತ್ತದೆ. ಪಕ್ಕದ ಟೇಬಲ್ಲಿನವರನ್ನು ಕರೆದು ತೋರಿಸುವಷ್ಟರಲ್ಲಿ ಏನೂ ಇರುವುದಿಲ್ಲ.

ಫೈಲ್ ಬದಲಾದ ಕೂಡಲೇ ತಾನಾಗಿ ರೀಲೋಡ್ ಆಗುವ ಪ್ರೋಗ್ರಾಂಗಳಲ್ಲಿ ವಿಮ್ ಬೇರೆ ರೀತಿ ಕಾಣಿಸಿಕೊಳ್ಳುತ್ತದೆ. ಲಾಗ್‌ನಲ್ಲಿ '4913' ಅನ್ನುವ ಫೈಲ್ ಹುಟ್ಟಿ ಕ್ಷಣದಲ್ಲಿ ಸತ್ತದ್ದು ಕಂಡರೆ ಹೆದರಬೇಡಿ, ಅದು ವೈರಸ್ ಅಲ್ಲ. ಸೇವ್ ಮಾಡುವ ಮುಂಚೆ ಆ ಫೋಲ್ಡರ್‌ನಲ್ಲಿ ಹೊಸ ಫೈಲ್ ಮಾಡಲು ಆಗುತ್ತದಾ ಅಂತ ವಿಮ್ ಪರೀಕ್ಷಿಸುವ ಹೆಸರು ಅದು. ಆ ಹೆಸರಿನ ಫೈಲ್ ಮೊದಲೇ ಇದ್ದರೆ 123 ಕೂಡಿಸಿ ಮುಂದಿನ ಸಂಖ್ಯೆ ನೋಡುತ್ತದೆ.

ಇಷ್ಟೆಲ್ಲ ಓದಿ ಎಡಿಟರ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಕರೆಂಟ್ ಹೋದಾಗ, ನೆಟ್ ಕಡಿದಾಗ ನಿಮ್ಮ ಕೆಲಸ ಉಳಿಸುವುದು ಇದೇ ಫೈಲುಗಳು. ತಪ್ಪು ಇರುವುದು ಓದುವವರ ಕಡೆ. ಯಾವ ಹೆಸರನ್ನು ಒಪ್ಪಬೇಕು ಅಂತ ಹೇಳದೆ ಇಡೀ ಫೋಲ್ಡರನ್ನೇ ಒಪ್ಪಿಕೊಳ್ಳುವ ಆ ನಕ್ಷತ್ರದ್ದು. ಬೇಡದ್ದರ ಪಟ್ಟಿ ಮಾಡುತ್ತಾ ಹೋದರೆ ಅದು ಮುಗಿಯುವುದೇ ಇಲ್ಲ. ಟಿಲ್ಡೆ ಬಿಟ್ಟರೆ ಹ್ಯಾಶ್, ಅದು ಬಿಟ್ಟರೆ ನೀವೇ ಕೈಯಾರೆ ಮಾಡಿಟ್ಟ 'ಶಾಪ್.ಓಲ್ಡ್', 'ಶಾಪ್.ಬ್ಯಾಕ್', 'ಶಾಪ್-ಕಾಪಿ2'. ಬೇಕಾದದ್ದು ಇಂಥದ್ದು ಅಂತ ಹೇಳುವುದೇ ಸರಿ.

ಈ ಬುದ್ಧಿ ಬೇರೆ ಸಾಫ್ಟ್‌ವೇರ್‌ಗಳಿಗೆ ಹಿಂದೆಯೇ ಬಂದಿದೆ. ಇಡೀ ಫೋಲ್ಡರ್ ಇನ್‌ಕ್ಲೂಡ್ ಮಾಡಬೇಡಿ, ತಾತ್ಕಾಲಿಕ ಫೈಲುಗಳು ಅಲ್ಲಿ ಉಳಿದು ಸರ್ವರ್ ಬಿದ್ದೀತು ಅಂತ ಅಪಾಚೆಯ ಕೈಪಿಡಿಯೇ ಎಚ್ಚರಿಸುತ್ತದೆ. ಡೆಬಿಯನ್‌ನವರು ಅಪಾಚೆ 2.4ಕ್ಕೆ ಬಂದಾಗ ಸೈಟ್ ಫೈಲುಗಳ ಕೊನೆಗೆ '.ಕಾನ್ಫ್' ಇರಲೇಬೇಕು ಅಂತ ಮಾಡಿದರು. ಮೈಎಸ್‌ಕ್ಯೂಎಲ್‌ನ ಇನ್‌ಕ್ಲೂಡ್‌ಡಿರ್ '.ಸಿಎನ್‌ಎಫ್' ಇರುವುದನ್ನು ಮಾತ್ರ ಓದುತ್ತದೆ. ರೂಟ್ (ಪೂರ್ಣ ಅಧಿಕಾರದ ಯೂಸರ್) ಆಗಿ ಕಮಾಂಡ್ ಓಡಿಸಲು ಬಿಡುವ ಸುಡೋ ಇನ್ನೂ ಕಟ್ಟುನಿಟ್ಟು. ಅದರ ಸುಡೋಯರ್ಸ್.ಡಿ ಫೋಲ್ಡರ್‌ನಲ್ಲಿ ಹೆಸರು ಟಿಲ್ಡೆಯಲ್ಲಿ ಮುಗಿದರೂ ಸರಿ, ಹೆಸರಲ್ಲಿ ಎಲ್ಲೇ ಚುಕ್ಕಿ ಇದ್ದರೂ ಸರಿ, ಓದುವುದೇ ಇಲ್ಲ. ಅಧಿಕಾರ ಹಂಚುವ ಫೈಲ್ ಅಲ್ವಾ, ತೆಗೆದುಹಾಕಿದವರಿಗೆ ಹಳೇ ಬ್ಯಾಕಪ್‌ನಿಂದ ಮತ್ತೆ ರೂಟ್ ಸಿಕ್ಕಿಬಿಟ್ಟರೆ ಕಷ್ಟ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಎಪಿಟಿ. ಅದರ ಸೋರ್ಸಸ್ ಫೋಲ್ಡರ್‌ನಲ್ಲಿ ಹೆಸರಿನ ಕೊನೆ (ಎಕ್ಸ್‌ಟೆನ್ಷನ್) ಗುರುತಿಲ್ಲದ ಫೈಲ್ ಕಂಡರೆ ಬಿಟ್ಟು ಹೋಗುತ್ತದೆ, ಜೊತೆಗೆ 'ಇಂಥ ಫೈಲನ್ನು ಬಿಟ್ಟೆ' ಅಂತ ಹೆಸರು ಹೇಳಿ ತಿಳಿಸುತ್ತದೆ. ನೀವೇ ಪ್ರೋಗ್ರಾಂ ಬರೆಯುವವರಾದರೆ ಅದನ್ನೇ ಅನುಸರಿಸಿ: ಹೆಸರು ಅಕ್ಷರ ಅಥವಾ ಅಂಕಿಯಿಂದ ಶುರುವಾಗಬೇಕು, ಗೊತ್ತಾದ ಕೊನೆಯಲ್ಲಿ ಮುಗಿಯಬೇಕು, ಓದಿದ್ದನ್ನೂ ಬಿಟ್ಟದ್ದನ್ನೂ ಲಾಗ್‌ಗೆ ಬರೆಯಬೇಕು.

ಇನ್ನು ನಿಮ್ಮ ಸರ್ವರ್. ಮೊದಲು 'ಶಾಪ್~' ಫೈಲನ್ನು ನಿಮ್ಮ ಹೋಮ್ ಫೋಲ್ಡರ್‌ಗೆ ಸರಿಸಿ, ಟೆಸ್ಟ್ ಮಾಡಿ. ವಾರ್ನಿಂಗ್ ಹೋಗಿರಬೇಕು. ಆಮೇಲೆ ರೀಲೋಡ್. ಫೋಲ್ಡರ್ ನೋಡುವಾಗ ಟರ್ಮಿನಲ್‌ನಲ್ಲೇ ಎಲ್‌ಎಸ್ ಕೊಟ್ಟು ನೋಡಿ. ಗ್ನೋಮ್ ಡೆಸ್ಕ್‌ಟಾಪ್‌ನ ಫೈಲ್ಸ್ ಆ್ಯಪ್ ಟಿಲ್ಡೆಯಲ್ಲಿ ಮುಗಿಯುವ ಫೈಲುಗಳನ್ನು ಮಾಮೂಲಿಯಾಗಿ ತೋರಿಸುವುದಿಲ್ಲ.

ಇದು ಇವತ್ತಿನ ಮಟ್ಟಿಗೆ. ಮತ್ತೆ ಬರಬಾರದು ಅಂದರೆ ಆ ಇನ್‌ಕ್ಲೂಡ್ ಸಾಲಿನ ನಕ್ಷತ್ರದ ಮುಂದೆ '.ಕಾನ್ಫ್' ಸೇರಿಸಿ. ಆದರೆ ಕ್ರಮ ತಪ್ಪಬೇಡಿ. ಮೊದಲು ಫೋಲ್ಡರ್‌ನಲ್ಲಿರುವ ಎಲ್ಲಾ ಫೈಲುಗಳ, ಲಿಂಕುಗಳ ಹೆಸರಿಗೆ '.ಕಾನ್ಫ್' ಹಾಕಿ, ಆಮೇಲೆ ಸಾಲನ್ನು ಬದಲಿಸಿ. ಉಲ್ಟಾ ಮಾಡಿ ನಡುವೆ ರೀಲೋಡ್ ಕೊಟ್ಟರೆ ಸೈಟುಗಳೆಲ್ಲ ಒಮ್ಮೆಗೇ ಕಾಣೆಯಾಗುತ್ತವೆ. ಟೆಸ್ಟ್ ನಿಮ್ಮನ್ನು ಕಾಪಾಡುವುದಿಲ್ಲ. ನಕ್ಷತ್ರ ಇರುವ ಇನ್‌ಕ್ಲೂಡ್‌ಗೆ ಒಂದೂ ಫೈಲ್ ಸಿಗದಿದ್ದರೆ ಎಂಜಿನ್‌ಎಕ್ಸ್ ಅದನ್ನು ತಪ್ಪು ಅಂತ ಲೆಕ್ಕ ಹಿಡಿಯುವುದಿಲ್ಲ, 'ಓಕೆ' ಅನ್ನುತ್ತದೆ. ಹಾಗಾಗಿ ಬದಲಿಸಿದ ಮೇಲೆ ಮತ್ತೆ ಕ್ಯಾಪಿಟಲ್ ಟಿ ಓಡಿಸಿ ಪಟ್ಟಿ ನೋಡಿ. ಮುಂದೆ ಎಂಜಿನ್‌ಎಕ್ಸ್ ಅಪ್‌ಗ್ರೇಡ್ ಆಗುವಾಗ 'ಈ ಫೈಲ್ ಬದಲಾಗಿದೆ, ನಿಮ್ಮದು ಇರಲಾ, ಹೊಸದು ಹಾಕಲಾ' ಅಂತ ಕೇಳಬಹುದು. ನಿಮ್ಮದನ್ನೇ ಉಳಿಸಿಕೊಳ್ಳಿ.

ಮುಖ್ಯ ಫೈಲ್ ಮುಟ್ಟುವುದು ಬೇಡ ಅನಿಸಿದರೆ ಕಾನ್ಫ್.ಡಿ ಫೋಲ್ಡರ್ ಬಳಸಿ. ಅದರ ಇನ್‌ಕ್ಲೂಡ್ ಸಾಲಿನಲ್ಲಿ '.ಕಾನ್ಫ್' ಮೊದಲೇ ಇದೆ.

ತಿದ್ದುವ ರೀತಿಯನ್ನೂ ಸ್ವಲ್ಪ ಬದಲಿಸಿ. ಅಸಲಿ ಫೈಲ್ ಸೈಟ್ಸ್-ಅವೈಲಬಲ್‌ನಲ್ಲಿರಲಿ, ಎನೇಬಲ್ಡ್‌ನಲ್ಲಿ ಸಿಮ್‌ಲಿಂಕ್ ಮಾತ್ರ ಇರಲಿ. ಎರಡು ಫೋಲ್ಡರ್ ಮಾಡಿರುವುದೇ ಅದಕ್ಕೆ. ತಿದ್ದಲು ರೂಟ್ ಆಗಿ ಎಡಿಟರ್ ತೆರೆಯುವ ಬದಲು ಸುಡೋಎಡಿಟ್ ಬಳಸಿ. ಅದು ಫೈಲಿನ ಒಂದು ನಕಲನ್ನು ಟೆಂಪ್ ಫೋಲ್ಡರ್‌ನಲ್ಲಿಟ್ಟು, ನಿಮ್ಮ ಸಾಮಾನ್ಯ ಯೂಸರ್ ಹೆಸರಿನಲ್ಲೇ ಎಡಿಟರ್ ತೆರೆಯುತ್ತದೆ. ಮುಗಿದ ಮೇಲೆ ಬದಲಾದದ್ದನ್ನು ವಾಪಸ್ ಮೂಲ ಫೈಲಿಗೆ ಬರೆಯುತ್ತದೆ. ಬ್ಯಾಕಪ್, ಆಟೋಸೇವ್, ಸ್ವಾಪ್ ಯಾವುದೂ ಎಂಜಿನ್‌ಎಕ್ಸ್ ಫೋಲ್ಡರ್ ಒಳಗೆ ಕಾಲಿಡುವುದಿಲ್ಲ. ಸಿಮ್‌ಲಿಂಕ್ ತೋರಿಸಿದರೆ ಸಾಮಾನ್ಯವಾಗಿ ತೆರೆಯುವುದಿಲ್ಲ, ಅಸಲಿ ಫೈಲನ್ನೇ ಕೊಡಬೇಕು. ಈ ಒಂದು ಅಭ್ಯಾಸ ಮಾಡಿಕೊಂಡರೆ ಎಡಿಟರ್ ಸೆಟ್ಟಿಂಗ್ ಮುಟ್ಟುವ ಅಗತ್ಯವೇ ಜಾಸ್ತಿ ಬರುವುದಿಲ್ಲ. ಮುಟ್ಟಬೇಕು ಅಂದರೆ ಈಮ್ಯಾಕ್ಸ್, ವಿಮ್, ನ್ಯಾನೋ ಮೂರರಲ್ಲೂ ಬ್ಯಾಕಪ್‌ಗೆ ಬೇರೆ ಫೋಲ್ಡರ್ ಹೇಳಬಹುದು. ಆ ಫೋಲ್ಡರ್‌ನ ಪರ್ಮಿಷನ್ 700 (ನಿಮಗೆ ಮಾತ್ರ ಪ್ರವೇಶ) ಇರಲಿ, ಕಾನ್ಫಿಗ್ ಫೈಲುಗಳಲ್ಲಿ ಪಾಸ್‌ವರ್ಡ್ ಇರುತ್ತದೆ.

ಪಾಸ್‌ವರ್ಡ್ ಅಂದಾಗ ಇನ್ನೊಂದು ಕಡೆ ನೋಡಲೇಬೇಕು. ಅದು ಸೈಟಿನ ಫೈಲುಗಳಿರುವ ವೆಬ್ ರೂಟ್. ಅಂಗಡಿ ಸೈಟು ಪಿಎಚ್‌ಪಿಯಲ್ಲಿದ್ದು, ಡೇಟಾಬೇಸ್ ಪಾಸ್‌ವರ್ಡ್ ಇರುವ 'ಕಾನ್ಫಿಗ್.ಪಿಎಚ್‌ಪಿ' ಫೈಲನ್ನು ಅದೇ ಈಮ್ಯಾಕ್ಸ್‌ನಲ್ಲಿ ತಿದ್ದಿದ್ದರೆ, ಪಕ್ಕದಲ್ಲಿ 'ಕಾನ್ಫಿಗ್.ಪಿಎಚ್‌ಪಿ~' ಇರುತ್ತದೆ. ಹೆಸರು '.ಪಿಎಚ್‌ಪಿ'ಯಲ್ಲಿ ಮುಗಿದರೆ ಮಾತ್ರ ಎಂಜಿನ್‌ಎಕ್ಸ್ ಅದನ್ನು ಪಿಎಚ್‌ಪಿಗೆ ಕಳಿಸುತ್ತದೆ. ಟಿಲ್ಡೆಯಲ್ಲಿ ಮುಗಿದರೆ ಮಾಮೂಲಿ ಫೈಲ್ ಅಂತ ಹಾಗೇ ಕೊಟ್ಟುಬಿಡುತ್ತದೆ. ಬ್ರೌಸರ್‌ನಲ್ಲಿ ಆ ವಿಳಾಸ ಹಾಕಿದ ಯಾರಿಗೇ ಆಗಲಿ ಪಾಸ್‌ವರ್ಡ್ ಸಿಗುತ್ತದೆ. ಇಂಥ ಹೆಸರುಗಳನ್ನು ಹುಡುಕಿಕೊಂಡೇ ಬಾಟ್‌ಗಳು ಸುತ್ತುತ್ತಿರುತ್ತವೆ. ದಯವಿಟ್ಟು ಇವತ್ತೇ ಫೈಂಡ್ ಕಮಾಂಡ್‌ನಿಂದ ವೆಬ್ ರೂಟ್‌ನಲ್ಲಿ ಟಿಲ್ಡೆ, ಸ್ವಾಪ್, 'ಬ್ಯಾಕ್', 'ಓಲ್ಡ್' ಎಲ್ಲಾ ಹುಡುಕಿ. ಸಿಕ್ಕರೆ ಅಳಿಸಿದರೆ ಸಾಲದು, ಆ ಪಾಸ್‌ವರ್ಡನ್ನೂ ಬದಲಿಸಿ. ಆಕ್ಸೆಸ್ ಲಾಗ್‌ನಲ್ಲಿ ಆ ಹೆಸರಿಗೆ 200 (ಫೈಲ್ ಕೊಟ್ಟೆ ಎಂಬ) ಉತ್ತರ ಹೋಗಿದೆಯಾ ನೋಡಿ. ಮುಂದಕ್ಕೆ, ಇಂಥ ಕೊನೆಗಳಿರುವ ವಿಳಾಸಕ್ಕೆಲ್ಲ ಡಿನೈ ಹೇಳುವ ಒಂದು ಲೊಕೇಶನ್ ಬ್ಲಾಕ್ ಹಾಕಿಡಿ.

ಕೊನೆಗೆ ನಿಮ್ಮ ಹಳೇ ಡೊಮೈನ್. ಟಿಲ್ಡೆ ಫೈಲ್ ತೆಗೆದ ಮೇಲೂ ಎಚ್‌ಟಿಟಿಪಿಎಸ್‌ನಲ್ಲಿ ಅದು ತೆರೆದರೆ ಗಾಬರಿ ಬೇಡ. ಗೊತ್ತಿಲ್ಲದ ಹೆಸರು ಬಂದಾಗ ಎಂಜಿನ್‌ಎಕ್ಸ್ ಆ ಪೋರ್ಟಿನ ಡಿಫಾಲ್ಟ್ ಸರ್ವರ್‌ಗೆ ಕಳಿಸುತ್ತದೆ. 80ನೇ ಪೋರ್ಟಿನಲ್ಲಿ ಅದು ನಿಮ್ಮ 'ಡಿಫಾಲ್ಟ್' ಫೈಲ್, ಅಲ್ಲಿ ಸ್ವಾಗತದ ಪುಟ ಕಾಣುತ್ತದೆ. ಎಚ್‌ಟಿಟಿಪಿಎಸ್‌ನ 443ರಲ್ಲಿ ಆ ಫೈಲ್ ಮಾಮೂಲಿಯಾಗಿ ಕಿವಿಗೊಡುವುದಿಲ್ಲ, ಹಾಗಾಗಿ ಮೊದಲು ಸಿಗುವ 'ಶಾಪ್' ಡಿಫಾಲ್ಟ್ ಆಗುತ್ತದೆ. ನಿಮ್ಮ ಸರ್ಟಿಫಿಕೇಟಿನಲ್ಲಿ ಹಳೇ ಹೆಸರು ಇನ್ನೂ ಇದ್ದರೆ ಸೈಟ್ ಒಂದು ವಾರ್ನಿಂಗೂ ಇಲ್ಲದೆ ತೆರೆಯುತ್ತದೆ. ಇದನ್ನು ಮುಚ್ಚಲು 443ಕ್ಕೆ ಬೇರೆ ಒಂದು ಡಿಫಾಲ್ಟ್ ಸರ್ವರ್ ಬ್ಲಾಕ್ ಬರೆದು ಅದರಲ್ಲಿ ಎಸ್‌ಎಸ್‌ಎಲ್ ರಿಜೆಕ್ಟ್ ಹ್ಯಾಂಡ್‌ಶೇಕ್ (ಸಂಪರ್ಕವನ್ನು ಶುರುವಿನಲ್ಲೇ ನಿರಾಕರಿಸುವ ಸೆಟ್ಟಿಂಗ್) ಆನ್ ಮಾಡಿ. ಎಂಜಿನ್‌ಎಕ್ಸ್ 1.19.4ರಿಂದ ಇದು ಇದೆ, ಉಬುಂಟು 24.04ರಲ್ಲಿ ಬರುವ 1.24ರಲ್ಲಿ ಸಿಗುತ್ತದೆ. ಉಬುಂಟು 22.04 ಆದರೆ ಅದರಲ್ಲಿರುವುದು 1.18, ಆಗ ಯಾವುದಾದರೂ ಒಂದು ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಕೊಟ್ಟು ರಿಟರ್ನ್ 444 (ಉತ್ತರ ಕೊಡದೆ ಸಂಪರ್ಕ ಮುಚ್ಚು) ಬರೆಯಿರಿ. ಆಮೇಲೆ ಸರ್ಟ್‌ಬಾಟ್‌ನಲ್ಲಿ ಹಳೇ ಹೆಸರು ಬಿಟ್ಟು ಸರ್ಟಿಫಿಕೇಟ್ ಮತ್ತೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಮುಂದಿನ ರಿನ್ಯೂವಲ್‌ನಲ್ಲಿ ಅದು ಹಳೇ ಡೊಮೈನನ್ನೂ ಪರೀಕ್ಷಿಸಲು ಹೋಗಿ ಫೇಲ್ ಆಗಬಹುದು.